ಕಡವಿನಾಚೆ ಒಂದು ಊರು

2025ರ ಜುಲೈ 3ರ ಬೆಳಿಗ್ಗೆ ಡೊಂಬಿವಿಲಿಯ ನಮ್ಮ ಮನೆಯಲ್ಲಿ ಟಿ.ವಿ. ಹಾಕಿದರೆ ಇಂಡೋನೇಷ್ಯಾದ ಸುದ್ದಿ. ಹಿಂದಿನ ರಾತ್ರಿ ಜಾವಾದ ಕೆತಾಪಾಂಗ್ ಬಂದರಿನಿಂದ ಬಾಲಿಯ ಗಿಲಿಮಾನುಕ್‌ಗೆ ಹೊರಟ ಫೆರ್ರಿಯೊಂದು ಸುಮಾರು ಅರ್ಧ ಗಂಟೆಯಲ್ಲೇ ಮುಳುಗಿತ್ತು. ಪಟ್ಟಿಯ ಪ್ರಕಾರ ಅದರಲ್ಲಿದ್ದವರು 65 ಜನ. ನನ್ನ ಹೆಂಡತಿ ಚಹಾದ ಲೋಟ ಕೆಳಗಿಟ್ಟಳು. ನಮ್ಮ ಮಗ ಇರುವುದು ಸುರಬಾಯಾದಲ್ಲಿ. ತಿಂಗಳಿಗೊಮ್ಮೆಯಾದರೂ ಕೆಲಸದ ಮೇಲೆ ಆ ಕಡಲು ದಾಟುವವನು. ಫೋನ್ ಹಚ್ಚಿದೆ. ಎತ್ತಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ನಾಲ್ಕನೆಯ ಸಲ ಎತ್ತಿದ. "ಮನೆಯಲ್ಲೇ ಇದ್ದೇನೆ ಅಪ್ಪ, ಸ್ನಾನಕ್ಕೆ ಹೋಗಿದ್ದೆ" ಅಂದ.

ಅವನು ಎತ್ತದೆ ಇದ್ದ ಆ ಕೆಲವು ನಿಮಿಷಗಳಲ್ಲಿ ನನಗೆ ನೆನಪಾದದ್ದು, ಅದೇ ಕಡಲನ್ನು ನಾವಿಬ್ಬರೂ ಒಟ್ಟಿಗೆ ದಾಟಿದ ದಿನ. 2023ರ ಆಗಸ್ಟ್. ಆಗ ಅವನ ಮೇಲೆ ನನಗೆ ಸಿಟ್ಟಿತ್ತು. ನಾವು ಸುರಬಾಯಾಕ್ಕೆ ಹೋದ ಎರಡನೆಯ ದಿನವೇ, "ನಾನಿನ್ನು ಇಲ್ಲೇ ಇರ್ತೇನೆ, ಡೊಂಬಿವಿಲಿಗೆ ವಾಪಸು ಬರುವ ಯೋಚನೆ ಇಲ್ಲ" ಎಂದು ಊಟದ ನಡುವೆ ಹೇಳಿಬಿಟ್ಟಿದ್ದ. ಅವನ ತಾಯಿ ಅತ್ತಳು. ನಾನು ಅಳಲಿಲ್ಲ, ಮಾತು ಬಿಟ್ಟೆ. ನಮ್ಮ ಮನೆತನದ ಗಂಡಸರಿಗೆ ಗೊತ್ತಿರುವುದು ಅದೊಂದೇ ವಿದ್ಯೆ.

ಆದರೂ ಮೊದಲೇ ಗೊತ್ತು ಮಾಡಿದ್ದ ಪ್ರಯಾಣ ನಿಲ್ಲಲಿಲ್ಲ. ಅವನ ಸಹೋದ್ಯೋಗಿಯ ತಾಯಿಯ ಮನೆ ಬಾಲಿಯ ಪಶ್ಚಿಮ ತುದಿಯ ಒಂದು ಹಳ್ಳಿಯಲ್ಲಿ. ಅಲ್ಲಿ ಎರಡು ರಾತ್ರಿ. ಹೆಂಡತಿಗೆ ಕಡಲೆಂದರೆ ತಲೆಸುತ್ತು, ಅವಳು ಉಳಿದಳು. ನಾವಿಬ್ಬರೇ ರೈಲು ಹತ್ತಿ ಕೆತಾಪಾಂಗಿನಲ್ಲಿ ಇಳಿದೆವು. ನಿಲ್ದಾಣದಿಂದ ಬಂದರಿಗೆ ನಡೆದೇ ಹೋಗಬಹುದು.

ಫೆರ್ರಿಯ ಹೊಟ್ಟೆಯೊಳಗೆ ಲಾರಿ, ಬಸ್ಸು, ಮೋಟಾರು ಸೈಕಲ್ಲು, ಮೇಲೆ ಜನ. ಹಡಗು ಬಿಡುವ ಮೊದಲು ಹುಡುಗರು ನೀರಲ್ಲಿ ಈಜುತ್ತಾ ಕೂಗುತ್ತಿದ್ದರು. ನಾಣ್ಯ ಎಸೆದರೆ ಮುಳುಗಿ ಹೆಕ್ಕಿ ತರುತ್ತಾರೆ. ಈ ಜಲಸಂಧಿ ತೀರಾ ಇಕ್ಕಟ್ಟಾದ ಕಡೆ ಎರಡೂವರೆ ಕಿಲೋಮೀಟರಿನಷ್ಟೇ ಅಗಲ. ಆಚೆ ದಡದ ಗುಡ್ಡಗಳು ಎದುರಿಗೇ ಕಾಣುತ್ತವೆ. ನಮ್ಮ ಬ್ರಹ್ಮಾವರದ ಕಡೆ ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ ಕಡವಿನ ದೋಣಿಯಲ್ಲಿ ಕೂತು ಆಚೆ ದಡದವರನ್ನು ಕೂಗಿ ಮಾತಾಡಿಸುತ್ತಿದ್ದರಂತೆ. ಹಾಗೆಯೇ ಅನಿಸಿತು. ಆದರೆ ಉತ್ತರಕ್ಕೆ ಬಾಲಿ ಸಮುದ್ರ, ದಕ್ಷಿಣಕ್ಕೆ ಹಿಂದೂ ಮಹಾಸಾಗರ. ಎರಡರ ನೀರೂ ಈ ಇಕ್ಕಟ್ಟಿನಲ್ಲೇ ನುಗ್ಗಬೇಕು. ಅಳಿವೆ ಬಾಯಿಯ ಹಾಗೆ ಸೆಳೆತ. ಮೇಲಿಂದ ನೋಡುವವರಿಗೆ ಅದು ತಿಳಿಯುವುದಿಲ್ಲ.

ಮಗ ಮೌನ ಮುರಿಯಲಿಕ್ಕೆಂದೇ ಒಂದು ಕತೆ ಹೇಳಿದ. ಹಿಂದೆ ಜಾವಾ, ಬಾಲಿ ಒಂದೇ ನೆಲವಾಗಿತ್ತಂತೆ. ಸಿದ್ಧಿಮಂತ್ರ ಎಂಬ ಬ್ರಾಹ್ಮಣನ ಮಗ ಮಾಣಿಕ್ ಆಂಗ್ಕೆರಾನ್ ದೊಡ್ಡ ಜೂಜುಕೋರ. ಹಣದಾಸೆಗೆ ಬೆಸಾಕಿಯ ನಾಗ ಬಾಸುಕಿಯ, ಅಂದರೆ ನಮ್ಮ ವಾಸುಕಿಯದೇ, ಬಾಲವನ್ನು ಕಡಿದ. ನಾಗ ಅವನನ್ನು ಸುಟ್ಟು ಬೂದಿ ಮಾಡಿತು. ತಂದೆ ಬೇಡಿಕೊಂಡು ಮಗನನ್ನು ಬದುಕಿಸಿದ. ಆದರೆ ಅಲ್ಲೇ ಸೇವೆಗೆ ಬಿಟ್ಟು ತಾನೊಬ್ಬನೇ ಜಾವಾಕ್ಕೆ ಹೊರಟ. ಮಗ ಹಿಂದೆ ಬಾರದಿರಲೆಂದು ಕೋಲಿನಿಂದ ನೆಲದ ಮೇಲೆ ಗೆರೆ ಎಳೆದ. ಗೆರೆಯಿಂದ ನೀರುಕ್ಕಿ ಈ ಕಡಲಾಯಿತು.

ನಮ್ಮ ಕಡೆ ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ. ಇಲ್ಲಿ ಒಬ್ಬ ಅಪ್ಪ ಮಗನಿಗೆ ಅಡ್ಡವಾಗಿ ಕಡಲನ್ನೇ ಕರೆದ. "ಒಳ್ಳೇ ಅಪ್ಪ!" ಎಂದು ಮಗ ನಕ್ಕ. ನಾನು ನಗಲಿಲ್ಲ.

ಗಿಲಿಮಾನುಕ್‌ನಲ್ಲಿ ಇಳಿದಾಗ ಗಡಿಯಾರವನ್ನು ಒಂದು ಗಂಟೆ ಮುಂದಿಡಬೇಕು. ಜಾವಾದ ಹೊತ್ತು ಬೇರೆ, ಬಾಲಿಯದು ಬೇರೆ. ಹತ್ತಕ್ಕೆ ಬಿಟ್ಟವರು ಮುಕ್ಕಾಲು ಗಂಟೆಯಲ್ಲಿ ದಾಟಿದರೂ ಇಲ್ಲಿ ಮಧ್ಯಾಹ್ನವಾಗುತ್ತಾ ಬಂದಿತ್ತು. ಹೊರದಾರಿಯಲ್ಲಿ ಪೊಲೀಸರು ಗುರುತಿನ ಚೀಟಿ ನೋಡುತ್ತಿದ್ದರು. ಕೆಲಸ ಹುಡುಕಿ ಜಾವಾದಿಂದ ಬರುವ ಹುಡುಗರ ಬಳಿ ಸರಿಯಾದ ಚೀಟಿ ಇಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸು. ರಂಜಾನ್ ಹಬ್ಬ ಮುಗಿದ ಮೇಲಂತೂ ತಪಾಸಣೆ ಜೋರಂತೆ. ಊರಿಗೆ ಹೋದವರು ಬರುವಾಗ ನೆಂಟರನ್ನೋ ಗೆಳೆಯರನ್ನೋ ಕೆಲಸಕ್ಕೆ ಕರೆತರುತ್ತಾರಲ್ಲ, ಅದಕ್ಕೆ. ಬದಿಗೆ ನಿಲ್ಲಿಸಿದ್ದ ಒಬ್ಬ ಹುಡುಗನ ಕೈಚೀಲ ನೋಡಿ ನನ್ನದೇ ಚೀಲ ನೆನಪಾಯಿತು. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ನಮ್ಮವರ ಹೋಟೆಲುಗಳ ಮೇಲೆ ಕಲ್ಲು ಬಿದ್ದ ಕತೆಗಳನ್ನು ಹಿರಿಯರಿಂದ ಕೇಳಿಕೊಂಡೇ ನಾನು ಆ ಊರಿಗೆ ಕಾಲಿಟ್ಟವನು.

ಬಂದರಿನ ಊರಿನಲ್ಲಿ ಬಾಲಿಯವರು, ಜಾವಾದವರು, ಮದುರಾದವರು ಎಲ್ಲರೂ ಇದ್ದಾರೆ. ಅಲ್ಲಿ ಮಸಾಲೆ ತುಂಬಿ ಬೇಯಿಸುವ ಬೆತುತು ಕೋಳಿ ಪ್ರಸಿದ್ಧ. ಕೋಳಿ ಸುಕ್ಕ ತಿಂದು ಬೆಳೆದ ನಾಲಿಗೆಗೂ ನೀರು ಕುಡಿಸುವ ಖಾರ. ಊಟ ಮುಗಿಸಿ ವ್ಯಾನ್ ಹತ್ತಿದೆವು. ರಾಷ್ಟ್ರೀಯ ಉದ್ಯಾನದ ಕಾಡು ದಾಟಿ, ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ತೆಂಗು, ಕೋಕೋ ಗಿಡಗಳು, ಗುಡಿಸಿದ ಅಂಗಳಗಳು. ಊರಿನ ಹೆಸರು ಬ್ಲಿಂಬಿಂಗ್‌ಸಾರಿ.

ಊರ ನಡುವೆ ಎತ್ತರದ ಮಾಡಿನ ಕಟ್ಟಡ. ಇಬ್ಭಾಗವಾಗಿ ನಿಂತ ಬಾಲಿಯ ಹೆಬ್ಬಾಗಿಲು, ಗೋಡೆಯಿಲ್ಲದ ಮಂಟಪ. ದೇವಸ್ಥಾನವೆಂದೇ ತಿಳಿದು ಚಪ್ಪಲಿ ಕಳಚಿದೆ. ಅದು ಚರ್ಚು. ಗಂಟೆಯ ಬದಲು ಮರದ ಕುಲ್‌ಕುಲ್ ಬಡಿಯುತ್ತಾರೆ, ಪೂಜೆಗೆ ಗಮೆಲಾನ್ ವಾದ್ಯ. ಕ್ರಿಸ್‌ಮಸ್ಸಿಗೆ ಮನೆ ಮುಂದೆ ಬಿದಿರಿನ ಪೆಂಜೋರ್ ಬಾಗಿಸಿ ನಿಲ್ಲಿಸುತ್ತಾರಂತೆ, ಹಿಂದೂಗಳು ಗಲುಂಗಾನ್ ಹಬ್ಬಕ್ಕೆ ಮಾಡುವ ಹಾಗೆಯೇ. ಮಕ್ಕಳ ಹೆಸರೂ ಬದಲಾಗಿಲ್ಲ: ಮೊದಲನೆಯದು ವಯಾನ್, ಎರಡನೆಯದು ಮಾದೆ, ಮೂರನೆಯದು ಞೊಮಾನ್, ನಾಲ್ಕನೆಯದು ಕೆತುತ್.

ನಮ್ಮ ಮನೆಯೊಡತಿಗೆ ಎಪ್ಪತ್ತು ದಾಟಿತ್ತು. 'ಇಬು' ಅನ್ನುತ್ತಿದ್ದೆವು, ಅಂದರೆ ಅಮ್ಮ. ರಾತ್ರಿ ಜಗಲಿಯಲ್ಲಿ ಕೂತು ಊರು ಹುಟ್ಟಿದ ಕತೆ ಹೇಳಿದರು. 1930ರ ದಶಕದಲ್ಲಿ ಬಾಲಿಯ ಕೆಲವರು ಕ್ರೈಸ್ತರಾದರು. ಅಲ್ಲಿ ಹಳ್ಳಿಯೆಂದರೆ ಬರೀ ಮನೆಗಳಲ್ಲ; ಗುಡಿ, ಮಸಣ, ಗದ್ದೆಯ ನೀರು ಎಲ್ಲ ಒಂದೇ ಕಟ್ಟು. ನೀರು ಹಂಚುವ 'ಸುಬಾಕ್' ಎಂಬ ಕೂಟಕ್ಕೂ ತನ್ನದೇ ಗುಡಿಗಳು, ತನ್ನದೇ ಪೂಜೆಗಳು. ಇದನ್ನು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪೂಜೆಯಿಂದ ಹೊರಗೆ ನಿಂತವರನ್ನು ಊರು ನೀರಿನಿಂದಲೂ ಹೊರಗಿಟ್ಟಿತು, ಮಸಣದಿಂದಲೂ. ಕೊನೆಗೆ 1939ರಲ್ಲಿ ಡಚ್ ಸರಕಾರ ಈ ಕಾಡು ತೋರಿಸಿತು. ಮಲೇರಿಯಾದ, ಯಾರೂ ಬರಲು ಹೆದರುತ್ತಿದ್ದ ಕಾಡು. ಕಡಿದು ಊರು ಮಾಡಿಕೊಂಡರು. 1940ರಲ್ಲಿ ಪಕ್ಕದಲ್ಲೇ ಪಾಲಸಾರಿ ಎಂಬ ಕೆಥೊಲಿಕರ ಹಳ್ಳಿಯೂ ಎದ್ದಿತು.

ಇಬು ಅವರ ಮಾತನ್ನು ಮಗ ನನಗೆ ಕನ್ನಡದಲ್ಲಿ ಹೇಳುತ್ತಿದ್ದ. ಒಂದು ಕಡೆ ತಡೆದು, ಶಬ್ದ ಹುಡುಕಿ ಅಂದ: "ಇವರ ಅಪ್ಪನ ಗದ್ದೆಗೆ ತೋಡಿನ ನೀರು ಕಟ್ಟಿದರಂತೆ."

ತೋಡು! ಡೊಂಬಿವಿಲಿಯಲ್ಲಿ ಹುಟ್ಟಿ ಬೆಳೆದ ಹುಡುಗ. ಅಲ್ಲಿ ತೋಡು ಎಲ್ಲಿಂದ ಬರಬೇಕು? ಮೇ ತಿಂಗಳ ರಜೆಯಲ್ಲಿ ಅಪ್ಪಯ್ಯನ ಹಿಂದೆ ಅಡಕೆ ತೋಟ ಸುತ್ತಿ ಕಲಿತದ್ದು. ನಾನೇ ಆ ಶಬ್ದ ಬಾಯಲ್ಲಿ ಆಡಿ ಎಷ್ಟು ವರ್ಷವಾಗಿತ್ತೋ.

ನಾನು ಕೇಳಿದೆ, "ನಿಮ್ಮ ಅಪ್ಪ ಮತ್ತೆ ಹಳೆ ಊರಿಗೆ ಹೋಗಿದ್ದರಾ?" ಇಲ್ಲವಂತೆ. ಅವರು ಸತ್ತ ಮೇಲೆ, ಒಂದು ಗಲುಂಗಾನ್ ಹಬ್ಬಕ್ಕೆ ದೊಡ್ಡಪ್ಪನ ಮಕ್ಕಳು ಹಣ್ಣು, ತಿಂಡಿ ಹೊತ್ತುಕೊಂಡು ಬಂದರಂತೆ. ಹಬ್ಬಕ್ಕೆ ಬೇರೆ ಧರ್ಮದ ನೆರೆಯವರಿಗೂ ತಿಂಡಿ ಹಂಚುವ ಪದ್ಧತಿ ಅಲ್ಲಿದೆ, 'ಙೆಜೊತ್' ಅನ್ನುತ್ತಾರೆ. "ಈಗ ಕ್ರಿಸ್‌ಮಸ್ಸಿಗೆ ನಾವು ಕಳಿಸ್ತೇವೆ. ಆದರೆ ಅಪ್ಪ ಇದನ್ನು ನೋಡಬೇಕಿತ್ತು" ಅಂದರು. ಅವರ ನಾಲ್ಕು ಮಕ್ಕಳಲ್ಲಿ ಒಬ್ಬರೂ ಊರಲ್ಲಿಲ್ಲ. ದೆನ್‌ಪಸಾರ್, ಸುರಬಾಯಾ, ಒಬ್ಬಳು ಆಸ್ಟ್ರೇಲಿಯಾ. "ಬೇಸರವಿಲ್ಲವಾ?" ಎಂದೆ. "ಇದೆ. ಆದರೆ ಹೊರಟು ಬಂದವರೇ ಕಟ್ಟಿದ ಊರಲ್ಲಿ ಕೂತು, ನೀವು ಹೊರಡಬೇಡಿ ಅಂತ ಯಾವ ಬಾಯಲ್ಲಿ ಹೇಳಲಿ?"

ಮಗ ಇದನ್ನೂ ಕನ್ನಡಕ್ಕೆ ತಿರುಗಿಸಿದ. ನನ್ನ ಮುಖ ಮಾತ್ರ ನೋಡಲಿಲ್ಲ.

ಮರುದಿನ ಆ ಜಿಲ್ಲೆಯ ಕೋಣಗಳ ಓಟದ ಮಾತು ಬಂತು. ಮಕೆಪುಂಗ್ ಎಂದು ಹೆಸರು. ಗದ್ದೆ ಕೆಲಸದಲ್ಲೇ ಹುಟ್ಟಿದ ಆಟ, ನಮ್ಮ ಕಂಬಳದ ಹಾಗೆ. ಈಗ ಓಡಿಸುವುದು ಕೆಸರಲ್ಲಲ್ಲ, ಒಣ ನೆಲದಲ್ಲಿ, ಗಾಡಿ ಕಟ್ಟಿ, ಬಾವುಟ ಸಿಕ್ಕಿಸಿ. ಇಬು ಅವರ ಮೊಬೈಲಿನಲ್ಲಿ ಚಿತ್ರ ನೋಡುತ್ತಾ ನನಗೆ ಒಂದು ಕಾರ್ಡು ನೆನಪಾಯಿತು. ಅದನ್ನು ಮಗನಿಗೆ ನಾನು ಯಾವತ್ತೂ ತೋರಿಸಿರಲಿಲ್ಲ.

ಹಿಂತಿರುಗುವ ದಿನ ಬಾಲಿಯ ಮೂರು ಗಂಟೆಗೆ ಫೆರ್ರಿ ಬಿಟ್ಟಿತು. ಜಾವಾ ಮುಟ್ಟಿದಾಗ ಅಲ್ಲಿಯ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ ಇತ್ತು. ಹೊರಟ ಹೊತ್ತಿಗಿಂತ ಮೊದಲೇ ತಲುಪಿದ್ದೆವು! ರೈಲಿಗೆ ಬೇಕಾದಷ್ಟು ಸಮಯ. ನಿಲ್ದಾಣದ ಬೆಂಚಿನಲ್ಲಿ ಕೂತು ಹೇಳಿದೆ:

"1978ರಲ್ಲಿ ನಾನು ಅಪ್ಪಯ್ಯನಿಗೆ ಹೇಳದೆ ಮುಂಬಯಿ ಬಸ್ಸು ಹತ್ತಿದೆ. ಹದಿನೇಳು ವರ್ಷ. ಫೋರ್ಟಿನ ಹೋಟೆಲಲ್ಲಿ ಲೋಟ ತೊಳೆದು, ರಾತ್ರಿಶಾಲೆಗೆ ಹೋಗ್ತಿದ್ದೆ. ಮೊದಲ ಸಂಬಳದಲ್ಲಿ ಮೂವತ್ತು ರೂಪಾಯಿ ಮನಿಯಾರ್ಡರ್ ಮಾಡಿದೆ. ತೆಗೆದುಕೊಳ್ಳದೆ ವಾಪಸು ಕಳಿಸಿದರು. ಎರಡೂವರೆ ವರ್ಷ ಕಾಗದ ಇಲ್ಲ."

"ಅಜ್ಜಯ್ಯನಾ?" ಅವನಿಗೆ ನಂಬಿಕೆಯಾಗಲಿಲ್ಲ. ಅವನ ಪಾಲಿನ ಅಜ್ಜಯ್ಯ ಹೆಗಲ ಮೇಲೆ ಕೂರಿಸಿಕೊಂಡು ತೋಡು ದಾಟಿಸಿದವರು.

"ಆಮೇಲೆ ಒಂದು ಕಾರ್ಡು ಬಂತು. 'ಕಂಬಳ ಆಯಿತು. ಮನೆಯ ಕೋಣ ಚೆನ್ನಾಗಿ ಓಡಿತು. ಒಮ್ಮೆ ಬಂದು ಹೋಗು.' ಅಷ್ಟೇ."

ಅವನು ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, "ಬಾ ಅಂತ ಬರೀಲಿಲ್ಲ, ಬಂದು ಹೋಗು ಅಂತ ಬರೆದರು" ಅಂದ. ನಲವತ್ತು ವರ್ಷ ಪೆಟ್ಟಿಗೆಯಲ್ಲಿಟ್ಟುಕೊಂಡ ಕಾರ್ಡು. ಅದರ ಆ ಅರ್ಧವನ್ನು ನಾನು ಓದಿಯೇ ಇರಲಿಲ್ಲ.

ಜುಲೈಯ ಆ ಬೆಳಿಗ್ಗೆ ಅವನು ಫೋನಿನಲ್ಲಿ ಕ್ಷೇಮ ಹೇಳಿದ ಮೇಲೆ ನನಗೆ ಮಾತೇ ಹೊರಡಲಿಲ್ಲ. ಅವನ ತಾಯಿ ಫೋನ್ ಕಿತ್ತುಕೊಂಡು ಬೈದಳು, ಅತ್ತಳು, ತಿಂಡಿ ಏನೆಂದು ಕೇಳಿದಳು. ಮತ್ತೆ ನನ್ನ ಕೈಗೆ ಬಂದಾಗ ಅವನೇ ಕೇಳಿದ, "ಅಪ್ಪ, ಲೈನಿನಲ್ಲಿದ್ದೀಯಾ?"

"ಇದ್ದೇನೆ ಮಾರಾಯ," ಅಂದೆ. "ದೀಪಾವಳಿಗೆ ಒಮ್ಮೆ ಬಂದು ಹೋಗು."