ತರಗೆಲೆಯ ಸದ್ದು

ಬೆಂಗಳೂರಿನ ಕಬ್ಬನ್ ಪಾರ್ಕಿನ ಬಿದಿರುಮೆಳೆಗಳ ಬಳಿ, ಮಾಗಿಯ ಮುಂಜಾವಿನಲ್ಲಿ, ವೃದ್ಧರೊಬ್ಬರು ಕಲ್ಲುಬೆಂಚಿನ ಮೇಲೆ ಕಣ್ಣುಮುಚ್ಚಿ ಕುಳಿತಿರುತ್ತಿದ್ದರು. ನೋಡಿದವರು ಅವರನ್ನು ಧ್ಯಾನಮಗ್ನರೆಂದೇ ಎಣಿಸಬೇಕು. ಆದರೆ ಅವರು ಕಿವಿಗೊಟ್ಟಿದ್ದುದು ತರಗೆಲೆಯ ಸದ್ದಿಗೆ.

1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಈ ಉದ್ಯಾನಕ್ಕೆ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ಆ ಹೆಸರು ಜನರ ನಾಲಗೆಗೆ ಹತ್ತಲಿಲ್ಲವೆಂಬುದು ಬೇರೆ ಮಾತು. ವೃದ್ಧರು ಪತ್ನಿಯೊಡನೆ ಮೊದಲು ಇಲ್ಲಿಗೆ ಬಂದಾಗ ಮರಗಳ ನಡುವೆ ಇಷ್ಟು ಕಾರುಗಳು ಹರಿಯುತ್ತಿರಲಿಲ್ಲ; 2016ರಿಂದ ಅಂಚಿನ ನೆಲದಡಿಯಲ್ಲಿ ಮೆಟ್ರೋ ರೈಲೂ ಓಡುತ್ತಿದೆ.

ಅವರು ಕಾಯುತ್ತಿದ್ದುದು ಕಿತ್ತಳೆ ತಲೆಯ ನೆಲಸಿಳ್ಳಾರವೆಂಬ ಹಕ್ಕಿಗಾಗಿ. ಅದು ಗೊರವಂಕಕ್ಕಿಂತ ತುಸು ಚಿಕ್ಕದು. ಎದೆಯದು ಮಾಗಿದ ಕಿತ್ತಳೆಯ ಬಣ್ಣ, ಬೆನ್ನು ನೀಲಿಬೂದು, ಬಿಳಿಯ ಕೆನ್ನೆಯ ಮೇಲೆ ಎರಡು ಕಪ್ಪು ಪಟ್ಟೆ. ಇಂಪಾದ ಹಾಡಿಗೂ, ಇತರ ಹಕ್ಕಿಗಳ ದನಿಯನ್ನು ಅನುಕರಿಸುವ ಜಾಣ್ಮೆಗೂ ಹೆಸರಾದುದು. ಆದರೆ ಆ ಗಾಯನವೆಲ್ಲ ಬಹುಮಟ್ಟಿಗೆ ಗೂಡು ಕಟ್ಟುವ ಕಾಲಕ್ಕೆ ಮೀಸಲು. ಚಳಿಗಾಲದ ಅತಿಥಿಯಾಗಿ ನಗರಕ್ಕೆ ಬಂದಾಗ ಅದು ಮೌನಿ. ನೆರಳಿನ ನೆಲಕ್ಕಿಳಿದು, ಕೊಕ್ಕಿನಿಂದ ತರಗೆಲೆಗಳನ್ನು ಮಗುಚಿ, ಅಡಿಯಲ್ಲಿ ಅಡಗಿದ ಹುಳುಗಳನ್ನು ಆರಿಸಿಕೊಳ್ಳುತ್ತದೆ. ಆ ಸರಸರ ಸದ್ದೇ ಅದರ ಸುಳಿವು. ಪತ್ನಿಗೆ ಕಣ್ಣು ಮಂದವಾದ ಮೇಲೂ ಅದು ಮೊದಲು ಕೇಳಿಸುತ್ತಿದ್ದುದು ಆಕೆಗೇ. “ಬಂತು, ನೋಡಿ” ಎಂದು ಮೆಲ್ಲನೆ ತೋಳು ಮುಟ್ಟುತ್ತಿದ್ದರು.

ಆಕೆ ತೀರಿಕೊಂಡು ನಾಲ್ಕು ಚಳಿಗಾಲಗಳು ಕಳೆದಿದ್ದುವು. ನಾಲ್ಕರಲ್ಲೂ ಹಕ್ಕಿ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಬೆಳಗಾಗುವುದರೊಳಗೆ ಮೆಳೆಯ ಬುಡವೂ ಅಂಗಳದಂತೆ ಚೊಕ್ಕಟವಾಗಿರುತ್ತಿತ್ತು. ನಮ್ಮ ನಗರಗಳಿಗೆ ಕಸವೆನಿಸಿದ್ದು ಆ ಹಕ್ಕಿಗೆ ಅಡಿಗೆಯ ಮನೆ.

ಒಂದು ದಿನ ಅವರು ಗುಡಿಸುವವಳನ್ನು ಕೇಳಿಯೇಬಿಟ್ಟರು: “ಈ ಮೆಳೆಯ ಕೆಳಗಿನ ಎಲೆಯನ್ನು ಹಾಗೇ ಬಿಡಮ್ಮಾ.”

“ಮೇಸ್ತ್ರಿ ಬೈತಾರೆ, ಸ್ವಾಮಿ.”

ವೃದ್ಧರು ಹಕ್ಕಿಯ ವೃತ್ತಾಂತವನ್ನೆಲ್ಲ ಹೇಳಿದರು. ಅವಳು ಪೊರಕೆಯ ಮೇಲೆ ಕೈಯೂರಿ ಕೇಳಿದಳು: “ಚೆನ್ನಾಗಿ ಹಾಡ್ತದಾ?”

“ಇಲ್ಲಿ ಹಾಡೋದಿಲ್ಲ.”

“ಮತ್ಯಾಕೆ ಸ್ವಾಮಿ, ಇಷ್ಟು ಚಳೀಲಿ ಕಾಯ್ತೀರಿ?”

ವೃದ್ಧರು ಉತ್ತರ ಕೊಡಲಿಲ್ಲ. ಬೆಂಚಿನ ಬರಿದಾದ ಭಾಗವನ್ನು ಅಂಗೈಯಿಂದ ಸುಮ್ಮನೆ ಸವರಿದರು. ಅವಳು ಅದನ್ನು ನೋಡಿದಳು. ಮರುದಿನದಿಂದ ದಾರಿಯ ಎಲೆಗಳನ್ನು ಬುಟ್ಟಿಗೆ ತುಂಬದೆ, ಪೊರಕೆಯಿಂದಲೇ ಮೆಳೆಯ ಒಳಕ್ಕೆ ತಳ್ಳತೊಡಗಿದಳು. ದಾರಿ ಚೊಕ್ಕಟವಾಗಿದ್ದರೆ ಮೇಸ್ತ್ರಿಗೆ ಸಾಕು.

ಹದಿನೈದು ದಿನಗಳು ಕಳೆದಿರಬೇಕು. ಮಂಜು ಇನ್ನೂ ಹರಿದಿರಲಿಲ್ಲ. ಮೆಳೆಯೊಳಗೆ ಸರಸರ ಸದ್ದಾಯಿತು, ನಿಂತಿತು, ಮತ್ತೆ ಆಯಿತು. ಗುಡಿಸುವವಳು ಪೊರಕೆಯನ್ನು ಅಲ್ಲಿಯೇ ಇರಿಸಿ, ಹೆಜ್ಜೆಯ ಸದ್ದಾಗದಂತೆ ಬೆಂಚಿನ ಬಳಿಗೆ ಬಂದಳು.

“ಬಂತು, ನೋಡಿ” ಎಂದಳು.

ವೃದ್ಧರು ಸ್ವಲ್ಪ ಸರಿದು, ಅವಳಿಗೆ ಕುಳಿತುಕೊಳ್ಳಲು ಜಾಗ ಮಾಡಿಕೊಟ್ಟರು.