ಪಟ್ಟಿಯಲ್ಲಿದ್ದ ಸಿಂಕ್

ನಮ್ಮ ಅಡುಗೆಮನೆಯ ಗೋಡೆಯಲ್ಲಿ ನೇತಾಡುವ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಪಟ್ಟಿ ಇರುತ್ತದೆ. ಮೇಲೆ 'ರಜೆಯಲ್ಲಿ' ಎಂದು ಬರೆದು ಗೆರೆ ಎಳೆದಿರುತ್ತೇನೆ. ಬಚ್ಚಲಿನ ಬಾಗಿಲಿನ ಬಿಜಾಗರಿ, ಮೋಟಾರಿನ ಸ್ವಿಚ್ಚು, ಟೆರೇಸಿನ ಬಿರುಕು, ಕಪಾಟಿನ ಚಿಲಕ, ಹೀಗೆ ಅದು ಬೆಳೆಯುತ್ತಾ ಹೋಗುತ್ತದೆ. ನನ್ನ ಗಂಡ ಸೌದಿಯ ಜುಬೈಲಿನಲ್ಲಿದ್ದಾರೆ. ಎರಡು ವರ್ಷಕ್ಕೊಮ್ಮೆ ಅರುವತ್ತು ದಿನ ರಜೆ. ಬಂದು ಎರಡು ದಿನ ನಿದ್ದೆ ಮಾಡಿ ಮೂರನೇ ದಿನ ಆ ಪಟ್ಟಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಮನೆ ಕೆಡುವುದು ದಿನವೂ, ದುರಸ್ತಿಯಾಗುವುದು ಎರಡು ವರ್ಷಕ್ಕೊಮ್ಮೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಇದು ಹೊಸ ಸಂಗತಿಯೇನಲ್ಲ.

ಸಿಂಕ್ ಆ ಪಟ್ಟಿಯಲ್ಲಿ ಐದನೆಯದ್ದಾಗಿತ್ತು. ಮನೆ ಕಟ್ಟುವಾಗ, 2009ರಲ್ಲಿ ಕೂರಿಸಿದ ಸ್ಟೀಲಿನ ಸಿಂಕ್. ನಮ್ಮ ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಕೆಂಪು ಕಲೆ ಹಿಡಿದು, ತಳದಲ್ಲಿ ಸಣ್ಣ ತೂತುಗಳಾಗಿದ್ದವು. ನಳ್ಳಿಯನ್ನು ಎಷ್ಟು ತಿರುಗಿಸಿದರೂ ತೊಟ್ಟಿಕ್ಕುವುದು ನಿಲ್ಲುತ್ತಿರಲಿಲ್ಲ. ರಾತ್ರಿ ಅಡಿಯಲ್ಲಿ ಪಾತ್ರೆ ಇಟ್ಟರೆ ಸುಬಹಿನ ಹೊತ್ತಿಗೆ ತುಂಬಿ ಚೆಲ್ಲುತ್ತಿತ್ತು. ಒಂದು ದಿನ ಹಾಗೆ ಚೆಲ್ಲಿದ ನೀರಿನ ಮೇಲೆ ಕಾಲಿಟ್ಟು ಮಾಮಿ ಜಾರಿ ಬಿದ್ದರು. ನನ್ನ ಅತ್ತೆಗೆ ಎಪ್ಪತ್ತೆರಡು ವರ್ಷ. ಪುಣ್ಯಕ್ಕೆ ಮಣಿಕಟ್ಟು ಉಳುಕಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಗಂಡನ ರಜೆಗೆ ಇನ್ನೂ ಏಳು ತಿಂಗಳಿತ್ತು.

ಪ್ಲಂಬರನನ್ನು ಕರೆಯಬಾರದೇ ಎಂದು ಓದುಗರು ಕೇಳಬಹುದು. ಕರೆದೆ. ಆದರೆ ಗಂಡಸರಿಲ್ಲದ ಮನೆಗೆ ಪ್ಲಂಬರನನ್ನು ಕರೆಯುವುದೆಂದರೆ ಇಬ್ಬರನ್ನು ಕರೆದಂತೆ. ಅವನು ಕೆಲಸ ಮಾಡುವಷ್ಟು ಹೊತ್ತು ಮನೆಯಲ್ಲಿ ಒಬ್ಬ ಗಂಡಸು ಕುಳಿತಿರಬೇಕು. ಇದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ, ಆದರೆ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ. ನನ್ನ ತಮ್ಮ ಇರುವುದು ಇಪ್ಪತ್ತು ಕಿಲೋಮೀಟರು ದೂರದಲ್ಲಿ. ಅಂಗಡಿ ಮುಚ್ಚಿ ಬರಬೇಕು. ಮೊದಲ ಸಲ ಪ್ಲಂಬರ್ ಬಂದ, ತಮ್ಮ ಬರಲಿಲ್ಲ. ಎರಡನೇ ಸಲ ತಮ್ಮ ಬಂದು ಸಂಜೆಯವರೆಗೆ ಪೇಪರ್ ಓದಿ ಹೋದ, ಪ್ಲಂಬರ್ ಬರಲಿಲ್ಲ. ಮೂರನೇ ಸಲ ಇಬ್ಬರೂ ಬಂದರು, ತಂದ ಸಿಂಕ್ ಕಲ್ಲಿನ ಕಿಂಡಿಗಿಂತ ದೊಡ್ಡದಾಗಿತ್ತು. ಆ ಹುಡುಗನನ್ನು ದೂರಿ ಪ್ರಯೋಜನವಿಲ್ಲ. ಊರಿನಲ್ಲಿ ಉಳಿದವನು ಅವನೊಬ್ಬ. ಉಳಿದವರೆಲ್ಲ ಗಲ್ಫಿನಲ್ಲಿ ಪೈಪು ಹಾಕುತ್ತಿದ್ದಾರೆ, ನನ್ನ ಗಂಡನೂ ಸೇರಿ. ಹೌದು, ಅವರು ಪೈಪ್ ಫಿಟ್ಟರ್. ಮದುವೆ ಮಾತುಕತೆಯಲ್ಲಿ 'ಕಂಪೆನಿಯಲ್ಲಿ ಕೆಲಸ' ಎಂದಷ್ಟೇ ಹೇಳಿದ್ದರು.

ತಮ್ಮ ಹೊರಟುಹೋದ ಆ ಸಂಜೆ ನಾನು ಮಂಚದ ಕೆಳಗಿನಿಂದ ಗಂಡನ ಹತ್ಯಾರುಗಳ ಪೆಟ್ಟಿಗೆಯನ್ನು ಎಳೆದೆ. ಒಂಬತ್ತನೇ ತರಗತಿಯಲ್ಲಿರುವ ಮಗಳು "ಉಮ್ಮಾ, ನೀವಾ?" ಎಂದು ನಕ್ಕಳು. ಹೈಸ್ಕೂಲಿನ ಮಕ್ಕಳಿಗೆ ನೀರಿನ ಒತ್ತಡದ ಪಾಠ ಹೇಳುವವಳು ನಾನು. ಟ್ಯಾಂಕು ಎತ್ತರದಲ್ಲಿದ್ದಷ್ಟೂ ನಳ್ಳಿಯಲ್ಲಿ ಒತ್ತಡ ಹೆಚ್ಚು ಎಂದು ಬೋರ್ಡಿನ ಮೇಲೆ ಚಿತ್ರ ಬರೆದವಳಿಗೆ ಒಂದು ನಳ್ಳಿ ಬಿಚ್ಚಲು ಬರುವುದಿಲ್ಲ ಎಂಬುದು ನನಗೇ ನಾಚಿಕೆ ಎನಿಸಿತು.

ಮೊದಲು ಅಳತೆ. ಹಳೆಯ ಸಿಂಕಿನ ಅಂಚಿನಿಂದ ಅಂಚಿಗೆ ಇಪ್ಪತ್ತನಾಲ್ಕಕ್ಕೆ ಹದಿನೆಂಟು ಇಂಚು. ಕಲ್ಲಿನಲ್ಲಿ ಕೊರೆದ ಕಿಂಡಿ ಅದಕ್ಕಿಂತ ಸುಮಾರು ಒಂದಿಂಚು ಚಿಕ್ಕದು. ಆಗಷ್ಟೇ ಅಂಚು ಕಲ್ಲಿನ ಮೇಲೆ ಕೂರುತ್ತದೆ. ಚೀಟಿ ಹಿಡಿದು ಬಿ.ಸಿ.ರೋಡಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ. "ಟೀಚರ್, ಮನೆಯ ಗಂಡಸರನ್ನು ಕಳಿಸಿ, ಸರಿಯಾದದ್ದು ಕೊಡುತ್ತೇನೆ" ಎಂದರು ಅಂಗಡಿಯವರು. "ಜುಬೈಲಿನಿಂದ ಬರಬೇಕು, ಅಲ್ಲಿಯವರೆಗೆ ಅಂಗಡಿ ತೆರೆದಿಡುತ್ತೀರಾ?" ಎಂದೆ. ನಕ್ಕರು. ಅನಂತರ ನಿಜವಾಗಿಯೂ ತಾಳ್ಮೆಯಿಂದ ಒಂದೊಂದನ್ನೇ ತೋರಿಸಿದರು: ಸಿಂಕ್, ಅರ್ಧ ಇಂಚಿನ ಹಿತ್ತಾಳೆಯ ನಳ್ಳಿ, ಕೆಳಗಿನ ಜಾಲರಿ, ಬಾಟಲ್ ಟ್ರಾಪ್, ಟೆಫ್ಲಾನ್ ಟೇಪು, ಸಿಲಿಕಾನ್. ಹಳೆಯದಕ್ಕೆ ಟ್ರಾಪ್ ಇರಲೇ ಇಲ್ಲ. ಪ್ಲಾಸ್ಟಿಕ್ ಪೈಪು ನೇರವಾಗಿ ನೆಲದ ತೂತಿಗೆ ಇಳಿದಿತ್ತು. ಬಾಟಲಿನಂಥ ಆ ಸಾಮಾನಿನೊಳಗೆ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ, ಮೋರಿಯ ವಾಸನೆಯನ್ನೂ ಜಿರಳೆಯನ್ನೂ ಆ ನೀರೇ ತಡೆಯುತ್ತದೆ ಎಂದು ಅಂದು ತಿಳಿಯಿತು. ಹದಿನೈದು ವರ್ಷ ನಾನು ಆ ವಾಸನೆಗೆ ಮೀನನ್ನು ದೂರಿದ್ದೆ.

ಭಾನುವಾರ ಸುಬಹಿ ನಮಾಜಿನ ನಂತರ ಶುರು ಮಾಡಿದೆವು. ಟ್ಯಾಂಕಿನ ಕೆಳಗಿನ ವಾಲ್ವ್ ತುಕ್ಕು ಹಿಡಿದು ತಿರುಗಲೇ ಇಲ್ಲ. ಬೇರೆ ದಾರಿಯಿರಲಿಲ್ಲ, ಟ್ಯಾಂಕನ್ನೇ ಖಾಲಿ ಮಾಡಬೇಕಾಯಿತು. ಮನೆಯಲ್ಲಿದ್ದ ಬಾಲ್ದಿ, ಕೊಡಪಾನ, ಬಿರಿಯಾನಿಯ ಹಂಡೆ ಎಲ್ಲದರಲ್ಲಿಯೂ ನೀರು ತುಂಬಿಟ್ಟೆವು. ಮದುವೆ ಮನೆಯ ಹಿಂದಿನ ದಿನದಂತಿತ್ತು. ಹಿಂದಿನ ರಾತ್ರಿಯೇ ನಳ್ಳಿಯ ಬುಡಕ್ಕೆ ತೆಂಗಿನೆಣ್ಣೆ ಬಿಟ್ಟಿದ್ದೆ. ಅದು ಮಾಮಿಯ ಸಲಹೆ. ಬಲ ಹಾಕಿ ತಿರುಗಿಸಿದರೆ ಗೋಡೆಯೊಳಗಿನ ಎಲ್ಬೋ ಒಡೆದೀತು, ಒಡೆದರೆ ಟೈಲ್ಸ್ ಕೀಳಬೇಕು. ಪೈಪ್ ಪಾನ ಹಿಡಿದು ಇಷ್ಟಿಷ್ಟೇ ತಿರುಗಿಸಿದೆ. ಬಹಳ ಹೊತ್ತು ಅಲುಗಲಿಲ್ಲ. ನಂತರ ಒಮ್ಮೆಲೇ 'ಕಿರ್' ಎಂದಿತು. ಒಡೆಯಿತೆಂದೇ ಕಣ್ಣು ಮುಚ್ಚಿಕೊಂಡೆ. ನಳ್ಳಿ ಬಿಟ್ಟುಕೊಂಡಿತ್ತು.

ಸಿಂಕನ್ನು ಎತ್ತುವುದು ಅಷ್ಟು ಕಷ್ಟವಾಗಲಿಲ್ಲ. ಅಂಚಿನ ಬಿಳಿ ಸಿಮೆಂಟನ್ನು ಹಳೆಯ ಚೂರಿಯಿಂದ ಕೆರೆದು, ಕೆಳಗಿನ ಹಿಡಿಕೆಗಳನ್ನು ಬಿಚ್ಚಿ, ನಾನೂ ಮಗಳೂ ಒಟ್ಟಿಗೆ ಎತ್ತಿದೆವು. ಕಷ್ಟ ಕೊಟ್ಟದ್ದು ಟೇಪು. ನೋಡಲು ಏನೂ ಅಲ್ಲ, ಬಿಳಿಯ ರಿಬ್ಬನ್ನು. ಮೊದಲ ಸಲ ಉಲ್ಟಾ ಸುತ್ತಿದೆ. ನಳ್ಳಿ ತಿರುಗಿಸಿದಂತೆ ಟೇಪು ಬಿಚ್ಚಿಕೊಂಡು ಹೊರಗೆ ಬಂತು. ಗಡಿಯಾರದ ಮುಳ್ಳು ತಿರುಗುವ ಕಡೆಗೇ ಸುತ್ತಬೇಕು. ಎರಡನೇ ಸಲ ಸರಿಯಾಗಿ ಸುತ್ತಿದೆ, ಆದರೆ ಬಿಗಿಯಾದಾಗ ನಳ್ಳಿಯ ಮೂತಿ ಗೋಡೆಯ ಕಡೆಗೆ ಓರೆಯಾಗಿ ನಿಂತಿತು. ನೇರ ಮಾಡಲು ತುಸು ಹಿಂದಕ್ಕೆ ತಿರುಗಿಸಿದೆ. ಅದೇ ತಪ್ಪು. ಹಿಂದಕ್ಕೆ ತಿರುಗಿಸಿದರೆ ಟೇಪಿನ ಹಿಡಿತ ಹೋಗುತ್ತದೆ. ಟ್ಯಾಂಕಿಗೆ ಸ್ವಲ್ಪ ನೀರು ಬಿಟ್ಟು ನೋಡಿದರೆ ಬುಡದಿಂದ ಸಣ್ಣ ಗೆರೆಯಂತೆ ನೀರು ಇಳಿಯಿತು. ಮೂರನೇ ಸಲ ಇನ್ನೂ ನಾಲ್ಕು ಸುತ್ತು ಹೆಚ್ಚು ಹಾಕಿ, ಮೂತಿ ನೇರವಾಗುವಲ್ಲಿಗೆ ಬಿಗಿ ಬರುವಂತೆ ನಿಲ್ಲಿಸಿದೆ. ಅಸರ್ ಬಾಂಗ್ ಆಗುವ ಹೊತ್ತಿಗೆ ಅಂಚಿಗೆ ಸಿಲಿಕಾನ್ ಎಳೆದು ಮುಗಿಸಿದೆವು. ಅದು ಗಟ್ಟಿಯಾಗಲು ಒಂದು ದಿನ ಬಿಡಬೇಕು.

ಆ ರಾತ್ರಿ ಮಾಮಿ ಸಿಂಕಿನ ಅಡಿಯಲ್ಲಿ ಹಳೆಯ ಪೇಪರ್ ಹಾಸಿದರು. ಬೆಳಿಗ್ಗೆ ನಾನು ಏಳುವ ಮೊದಲೇ ಅದನ್ನು ಮುಟ್ಟಿ ನೋಡಿ, ಮಡಚಿ, "ಒಣಗಿಯೇ ಉಂಟು" ಎಂದರು. ಬಾವಿಕಟ್ಟೆಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ಬೂದಿ ಮತ್ತು ತೆಂಗಿನ ನಾರಿನಿಂದ ಪಾತ್ರೆ ತಿಕ್ಕಿದ ಮೊಣಕಾಲುಗಳು ಅವರವು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ.

ವಿಡಿಯೋ ಕಾಲ್‌ನಲ್ಲಿ ಗಂಡನಿಗೆ ತೋರಿಸಿದೆ. ಮಗಳು ಫೋನನ್ನು ಸಿಂಕಿನ ಅಡಿಗೂ ಹಿಡಿದಳು. ಹೊಗಳುತ್ತಾರೆಂದು ಕಾದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಬಂದು ಮಾಡುತ್ತಿದ್ದೆನಲ್ಲ" ಎಂದರು. ನನಗೆ ಸಿಟ್ಟು ಬಂತು. ಉಮ್ಮ ಬಿದ್ದದ್ದನ್ನು ನೆನಪಿಸಿದೆ. "ಸರಿ, ಸರಿ" ಎಂದು ಫೋನ್ ಇಟ್ಟರು.

ರಾತ್ರಿ ಮಲಗಿದಾಗ ಆ ಮಾತು ಬೇರೆಯಾಗಿ ಕೇಳಿಸತೊಡಗಿತು. ಎರಡು ವರ್ಷದಲ್ಲಿ ಮಕ್ಕಳು ಎತ್ತರವಾಗಿರುತ್ತಾರೆ, ಅಪ್ಪನ ಮುಂದೆ ಮಾತಿಗೆ ತಡವರಿಸುತ್ತಾರೆ. ನೆರೆಹೊರೆಯ ಸುದ್ದಿಯಲ್ಲಿ ಅರ್ಧ ಅವರಿಗೆ ಅರ್ಥವಾಗುವುದಿಲ್ಲ. ಆ ಅರುವತ್ತು ದಿನ ಈ ಮನೆ ತನ್ನದು ಎಂದು ಅವರು ಕೈಯಿಂದ ಮುಟ್ಟಿ ತಿಳಿಯುತ್ತಿದ್ದುದು ಕ್ಯಾಲೆಂಡರಿನ ಆ ಪಟ್ಟಿಯಿಂದಲೇ ಏನೋ. ಹಾಗೆಂದು ಅತ್ತೆ ಇನ್ನೊಮ್ಮೆ ಬೀಳುವವರೆಗೆ ನಾನು ಕಾಯಬೇಕಿತ್ತೇ? ಕಾಯಬಾರದಿತ್ತು ಎಂಬುದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಆದರೂ ಯಾರದೋ ವಸ್ತುವನ್ನು ಕೇಳದೆ ತೆಗೆದುಕೊಂಡಂತೆ ಎದೆಯಲ್ಲಿ ಏನೋ ಉಳಿಯಿತು.

ಡಿಸೆಂಬರಿನಲ್ಲಿ ಅವರು ಬಂದರು. ಮೂರನೇ ದಿನ ಕ್ಯಾಲೆಂಡರ್ ತಿರುಗಿಸಿ ನೋಡಿ, ಟಾರ್ಚ್ ಹಿಡಿದು ಸಿಂಕಿನ ಅಡಿಗೆ ತಲೆ ಹಾಕಿದರು. ಪ್ರತಿಯೊಂದು ನಟ್ಟನ್ನೂ ಬೆರಳಿನಿಂದ ತಿರುಗಿಸಿ ನೋಡಿದರು. ಎದ್ದು ನಳ್ಳಿಯ ಬುಡವನ್ನು ಸವರಿ, "ಟೇಪು ಸ್ವಲ್ಪ ಜಾಸ್ತಿಯಾಯಿತು. ಬೇರೆಲ್ಲ ಸರಿ ಉಂಟು. ನಮ್ಮಲ್ಲಿ ಹೊಸ ಹುಡುಗರು ಇಷ್ಟು ಮಾಡುವುದಿಲ್ಲ" ಎಂದರು.

ಮಧ್ಯಾಹ್ನ ಊಟವಾದ ಮೇಲೆ ತಮ್ಮ ತಟ್ಟೆಯನ್ನು ಎತ್ತಿಕೊಂಡು ಹೋಗಿ ಅವರೇ ತೊಳೆಯತೊಡಗಿದರು. ಮಾಮಿ ಕೈಯಿಂದ ಕಸಿಯಲು ಹೋದರು. "ಬಿಡಿ ಉಮ್ಮಾ. ರೂಮಿನಲ್ಲಿ ಎಂಟು ಜನಕ್ಕೆ ಒಂದೇ ಸಿಂಕ್. ಶುಕ್ರವಾರದ ಪಾತ್ರೆ ನನ್ನ ಪಾಲಿನದ್ದು. ಇಪ್ಪತ್ತು ವರ್ಷವಾಯಿತು" ಎಂದರು. ಮದುವೆಯಾಗಿ ಹದಿನೇಳು ವರ್ಷವಾದರೂ ನನಗೆ ಇದು ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ. ಮಾಮಿಯ ಕೈ ಸ್ವಲ್ಪ ಹೊತ್ತು ಹಾಗೆಯೇ ನಿಂತಿತು. ಆಮೇಲೆ ತಮ್ಮ ತಟ್ಟೆಯನ್ನೂ ಅವರ ಪಕ್ಕದಲ್ಲಿಟ್ಟು ಹೊರಗೆ ಹೋದರು.

ಈ ವರ್ಷದ ಕ್ಯಾಲೆಂಡರಿನ ಹಿಂದೆಯೂ ಪಟ್ಟಿಯಿದೆ, ನಾಲ್ಕೇ ಸಾಲು. ಬಿಜಾಗರಿಯನ್ನೂ ಚಿಲಕವನ್ನೂ ನಾನೇ ಮಾಡಿದೆ. ಮೋಟಾರಿನ ಸ್ವಿಚ್ಚನ್ನು ಮಾತ್ರ ಮುಟ್ಟಿಲ್ಲ. ಅವರಿಗೆ ಬೇಸರವಾದೀತೆಂದು ಅಲ್ಲ, ಕರೆಂಟೆಂದರೆ ನನಗೆ ಈಗಲೂ ಹೆದರಿಕೆ.