ಮದ್ದು ಮುಟ್ಟಬೇಕಾದ ಜಾಗ

ಬಿ.ಸಿ. ರೋಡಿನಿಂದ ಬಂಟ್ವಾಳ ಪೇಟೆ ದಾಟಿ ಸಿದ್ಧಕಟ್ಟೆಯ ಹಾದಿ ಹಿಡಿದರೆ ಅಡಿಕೆ ತೋಟಗಳು ಜೊತೆಗೇ ಬರುತ್ತವೆ. ಮಳೆಗಾಲದ ಹೊಸ್ತಿಲಲ್ಲಿ ಇಲ್ಲಿಗೆ ಬಂದವರು ಮದ್ದು ಬಿಡುವ ಕೆಲಸವನ್ನು ಒಮ್ಮೆ ನಿಂತು ನೋಡಬೇಕು. ಮರದ ತುದಿಗೇರಿದ ಆಳು ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೇ ಗುರಿಯಿಟ್ಟು ಹೊಡೆಯುತ್ತಾನೆ. (ಈಗ ನೆಲದಿಂದಲೇ ಹೊಡೆಯುವ ಫೈಬರ್ ದೋಟಿಯೂ ಬಂದಿದೆ.) ಕೊಳೆರೋಗ ತಗಲುವುದು ಕಾಯಿಗೆ, ತೋಟಕ್ಕೆಲ್ಲ ಸುರಿದರೆ ಮದ್ದೂ ದಂಡ, ಮಣ್ಣಿಗೂ ಕೇಡು.

ಮನುಷ್ಯರ ಮದ್ದಿಗೆ ಈ ಜಾಣ್ಮೆ ಇನ್ನೂ ಪೂರ್ತಿ ಬಂದಿಲ್ಲ. ನುಂಗಿದ ಮಾತ್ರೆ ರಕ್ತದೊಡನೆ ಮೈಯೆಲ್ಲ ಸುತ್ತುತ್ತದೆ. ಕ್ಯಾನ್ಸರಿನ ಎಷ್ಟೋ ಮದ್ದುಗಳು ಗಡ್ಡೆಯ ಜೊತೆಗೆ ಕೂದಲ ಬುಡವನ್ನೂ ಹೊಡೆಯುತ್ತವೆ.

ಮುಂದೆ ಮೂಡುಬಿದಿರೆ. 1430ರ ಸಾವಿರ ಕಂಬದ ಬಸದಿಗೆ ಬರುವವರೇ ಹೆಚ್ಚು. ಊರಿನಲ್ಲಿ ಆಯುರ್ವೇದ ಕಾಲೇಜೂ ಇದೆ. ಆಯುರ್ವೇದ ಬಹುಕಾಲದಿಂದ ಬಲ್ಲ ಬೀಜ ಬಾವಂಚಿ. ತೊನ್ನಿಗೆ ಅದನ್ನು ಕೊಟ್ಟು ಬಿಸಿಲಿಗೆ ಮೈಯೊಡ್ಡಿಸುತ್ತಿದ್ದರು. ಅದರಲ್ಲಿರುವ ಸೋರಲೆನ್ ಕತ್ತಲಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ನೇರಳಾತೀತ ಕಿರಣ ಬಿದ್ದ ಚರ್ಮದಲ್ಲಿ ಕೆಲಸಕ್ಕಿಳಿಯುತ್ತದೆ. ಬೆಳಕೇ ಇಲ್ಲಿ ಸ್ವಿಚ್ಚು. ಮನೆಯಲ್ಲಿ ಪ್ರಯೋಗ ಬೇಡ, ಅಳತೆ ತಪ್ಪಿದರೆ ಚರ್ಮ ಬೊಬ್ಬೆಯೇಳುತ್ತದೆ.

ಆದರೆ ಬೆಳಕು ಮೈಯೊಳಗೆ ಎಷ್ಟು ದೂರ ಹೋದೀತು? ಕತ್ತಲೆಯ ಕೋಣೆಯಲ್ಲಿ ಮಕ್ಕಳು ಟಾರ್ಚಿನ ಬಾಯಿಗೆ ಬೆರಳಿಟ್ಟು ನೋಡಲಿ. ಬೆರಳು ಕೆಂಪಗೆ ಹೊಳೆಯುತ್ತದೆ. ನೀಲಿ, ಹಸಿರುಗಳನ್ನು ರಕ್ತ ಹೀರಿಬಿಡುತ್ತದೆ. ಕೆಂಪಿನಾಚೆಯ ಅವಕೆಂಪು ಇನ್ನಷ್ಟು ಆಳಕ್ಕಿಳಿದರೂ ಕೆಲವೇ ಸೆಂಟಿಮೀಟರಿನ ಮಾತು.

ಅದಕ್ಕೇ ಚಿಪ್ಪಿನ ಯೋಚನೆ. 1999ರಲ್ಲಿ ಅಮೆರಿಕದ ಎಂ.ಐ.ಟಿ.ಯ ಸ್ಯಾಂಟಿನಿ, ಸೀಮಾ, ಲ್ಯಾಂಗರ್ ಸಿಲಿಕಾನ್ ಚಿಪ್ಪಿನಲ್ಲಿ ಪುಟ್ಟ ಗುಳಿಗಳನ್ನು ಕೊರೆದು, ಒಳಗೆ ರಾಸಾಯನಿಕ ತುಂಬಿ, ಚಿನ್ನದ ತೆಳು ಪೊರೆಯಿಂದ ಮುಚ್ಚಿದರು. ಅಲ್ಪ ವಿದ್ಯುತ್ತು ಕೊಟ್ಟಾಗ ಮುಚ್ಚಳ ಕರಗಿತು. ವಿದ್ಯುತ್ತಿನ ಬದಲು ಬೆಳಕಿನಿಂದಲೇ ಬಾಗಿಲು ತೆರೆಯುವ ಸಾಧನಗಳ ಪ್ರಯೋಗಗಳೂ ನಡೆದಿವೆ. ಹೊರಗಿನ ಬೆಳಕು ತಲುಪದ ಕಡೆ ಪುಟ್ಟ ಎಲ್‌ಇಡಿಯನ್ನೇ ಒಳಗಿಡುವ ಯತ್ನವೂ ಇದೆ.

ವೇಣೂರು, ಗುರುವಾಯನಕೆರೆ ದಾಟಿದರೆ ಬೆಳ್ತಂಗಡಿ. ಉಜಿರೆ, ಧರ್ಮಸ್ಥಳದ ಮೇಲೆ ಹೋದರೆ ಕೊಕ್ಕಡ. ಇಲ್ಲಿಯ ಗೇರುತೋಪುಗಳ ಮೇಲೆ ಹಿಂದೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುರಿಯಿದ್ದದ್ದು ಟೀ ಸೊಳ್ಳೆ. ಬಿದ್ದದ್ದು ಬಾವಿಗೆ, ಅಂಗಳಕ್ಕೆ. 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಸರ್ಕಾರ ಸಂತ್ರಸ್ತರೆಂದು ಗುರುತಿಸಿ ಮಾಸಾಶನ ಕೊಡುವ ಮನೆಗಳು ಈ ಸುತ್ತಿನಲ್ಲಿವೆ. ಅಲ್ಲಿ ಬೆಳೆದು ದೊಡ್ಡವರಾದ ಮಕ್ಕಳಿಗೆ ತಾಯಂದಿರು ಇಂದಿಗೂ ಕೈತುತ್ತು ಕೊಡುತ್ತಾರೆ.